ಬೂದಿ ಮುಟ್ಟದ ಕೈ

ಜೇನು ಸಾಕುವವನು ದೊಡ್ಡಮ್ಮನ ಬಾಗಿಲು ತಟ್ಟಿದಾಗ ಅವನ ಒಂದು ಹುಬ್ಬು ಪೂರ್ತಿ ಸುಟ್ಟುಹೋಗಿತ್ತು. ಹಿಂದಿನ ದಿನ ಗುಡ್ಡದ ಕಾಡೆಲ್ಲ ಧಗಧಗ ಉರಿದಿತ್ತು. ಅವನ ಪೆಟ್ಟಿಗೆಗಳ ಬಳಿ ಜೇನಿಗೆ ಹೊಗೆ ಹಾಕುವ ಡಬ್ಬಿ ಸಿಕ್ಕಿದ್ದೇ ತಡ, ಬೆಂಕಿ ಹಚ್ಚಿದವನು ಇವನೇ ಎಂದು ಊರವರು ತೀರ್ಮಾನಿಸಿ, ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದುಬಿಟ್ಟಿದ್ದರು.

"ನಾನಾದ್ರೂ ಎಲ್ಲಿಗೋ ಹೋದೇನು ದೊಡ್ಡಮ್ಮ, ಜೇನು ಬರತ್ತಾ ನನ್ನ ಹಿಂದೆ?" ಎಂದ.

ಯಾವ ಬೆಂಕಿ ಎಲ್ಲಿ ಹುಟ್ಟಿತೆಂದು ಪತ್ತೆಹಚ್ಚುವುದೇ ದೊಡ್ಡಮ್ಮನ ಮೂವತ್ತು ವರ್ಷದ ನೌಕರಿಯಾಗಿತ್ತು. ನಿವೃತ್ತಿಯಾದರೂ ಈ ಹೆಂಗಸಿಗೆ ಪುರುಸೊತ್ತಿಲ್ಲವಲ್ಲ ಎಂದು ಗೊಣಗುತ್ತಲೇ ಅವಳ ತಂಗಿಯ ಮಗ ಜೀಪು ತೆಗೆದ. ಗೊಣಗಾಟ ಬಾಯಿಗಷ್ಟೇ, ಅವಳ ಜೊತೆ ಹೋಗುವುದೆಂದರೆ ಅವನಿಗೆ ಪಂಚಪ್ರಾಣ.

ಗುಡ್ಡದಲ್ಲಿ ಅವಳು ಕಲ್ಲುಗಳನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತಳು. ಬೆಂಕಿ ಬಂದ ಕಡೆಯ ಮೈಗೆ ಮಸಿ ಹಿಡಿಯುತ್ತದೆ. ಇಲ್ಲಿ ಮಸಿಯೆಲ್ಲ ಗುಡ್ಡದ ನೆತ್ತಿಯ ಕಡೆಯ ಮೈಗಿತ್ತು, ಪೆಟ್ಟಿಗೆಗಳ ಕಡೆಯ ಮೈ ಚೊಕ್ಕವಾಗಿತ್ತು. ಮಸಿಯ ಜಾಡು ಹಿಡಿದು ಹತ್ತಿದರೆ ಬರಿಮಣ್ಣಿನ ಪಟ್ಟಿಯೊಂದು ಸಿಕ್ಕಿತು. ಐದು ದಿನದ ಹಿಂದೆ ಹತ್ತಿದ್ದ ಸಣ್ಣ ಬೆಂಕಿಯನ್ನು ಅಗ್ನಿಶಾಮಕ ಠಾಣೆಯವರು ಆರಿಸಿ, ಅದು ದಾಟದಂತೆ ನೆಲ ಕೆರೆದ ಜಾಗ ಅದು. ಅದರ ಮೇಲೆ ಒಂದು ಒಣಕಡ್ಡಿಯೂ ಇರಲಿಲ್ಲ. ಬೆಂಕಿಯೇನು ಹಾರಿ ಬಂತೇ ಎಂದು ತಂಗಿಯ ಮಗ ಕೇಳಿದ. ಅವಳು ಪಟ್ಟಿಯ ನಡುವೆ ಕೋಲು ಚುಚ್ಚಿದಳು. ಕೋಲು ಬೆಣ್ಣೆಗೆ ಇಳಿದಂತೆ ಮೊಳದಾಳ ಇಳಿಯಿತು. ದೊಡ್ಡಮ್ಮ ನಕ್ಕು, ಠಾಣೆಗೆ ಹೋಗಿ ದಾಖಲೆ ಪುಸ್ತಕ ತಿರುವಿ, ಎಲ್ಲರನ್ನೂ ಕರೆಸಿದಳು.

ಸಂಜೆ ಠಾಣೆಯ ಶೆಡ್ಡು ತುಂಬಿತ್ತು. ಜೇನಿನವನು ಗಂಟುಮೂಟೆ ಸಮೇತ ಬಂದಿದ್ದ.

ಕಲ್ಲಿನ ಮಸಿಯ ಪ್ರಕಾರ ಬೆಂಕಿ ಪೆಟ್ಟಿಗೆಗಳಿಂದ ಹೊರಡಲಿಲ್ಲ, ಪೆಟ್ಟಿಗೆಗಳ ಕಡೆಗೆ ಬಂದಿತ್ತು ಎಂದು ದೊಡ್ಡಮ್ಮ ಬಿಡಿಸಿ ಹೇಳಿದಳು. ಹಳೆಯ ಬೆಂಕಿ ಸತ್ತ ಮರದ ಬೇರಿನೊಳಗೆ ಹೊಕ್ಕು, ಅದನ್ನು ಸುಟ್ಟು ಟೊಳ್ಳು ಮಾಡುತ್ತ ಮಣ್ಣಿನಡಿಯಲ್ಲೇ ಪಟ್ಟಿ ದಾಟಿ, ನಾಲ್ಕು ದಿನದ ಮೇಲೆ ಆಚೆ ಎದ್ದಿತ್ತು. ಮೊದಲಾದರೆ ಬೇರು ಒದ್ದೆಯಿರುತ್ತಿತ್ತು. ಈಗಿನ ಬಿಸಿಲಿಗೆ ಆಳದವರೆಗೂ ಒಣಗಿರುತ್ತದೆ, ದೇಶದೇಶದಲ್ಲಿ ಕಾಡು ಹೀಗೆ ಬೇಯುತ್ತಿದೆ ಎಂದಳು. ಆಮೇಲೆ ಪುಸ್ತಕ ತೆರೆದಳು.

"ಬೆಂಕಿ ಆರಿದೆ ಅಂತ ಬರೆಯೋ ಮುಂಚೆ ಬರಿಗೈಯನ್ನ ಬೂದಿಯೊಳಗೆ ಇಟ್ಟು ಬಿಸಿ ನೋಡ್ಬೇಕು. ಅದಕ್ಕೇ ಎಲ್ಲಾ ಪುಟದಲ್ಲೂ ಮಸಿ ಬೆರಳಿನ ಗುರುತಿದೆ. ಐದು ದಿನದ ಹಿಂದಿನ ಆ ಸಣ್ಣ ಬೆಂಕಿಯ ಪುಟ ಮಾತ್ರ ಬೆಳ್ಳಗಿದೆ. ಯಾಕೆ ಮೇಸ್ತ್ರಿ?"

ಠಾಣೆಯ ಮೇಸ್ತ್ರಿ ತಲೆ ತಗ್ಗಿಸಿದ.

"ಅವತ್ತು ಮಗಳು ಹುಟ್ಟಿದ್ಲು. ಎತ್ಕೊಳ್ಳೋಕೆ ಅಂತ ಮೂರು ಸಲ ಸೋಪು ಹಾಕಿ ಕೈ ತೊಳ್ಕೊಂಡಿದ್ದೆ. ಆ ಕೈನ ಬೂದಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಇವನೇ ಹಚ್ಚಿದ್ದು ಅಂತ ನಂಬಿಬಿಟ್ಟೆ. ನಂಬೋದು ಸುಲಭ ಇತ್ತು."

ಅವನು ಪೆನ್ನು ತೆಗೆದು ತನ್ನ ತಪ್ಪನ್ನು ಅದೇ ಪುಟದಲ್ಲಿ ಬರೆದು ಸಹಿ ಹಾಕಿದ. ಊರವರ ಮುಖ ನೋಡಲಾರದಷ್ಟು ಸಪ್ಪಗಾಗಿತ್ತು.

"ಹಾಗಾದ್ರೆ ನಾನು ಮನೆಗೆ ಹೋಗ್ಬಹುದಾ?" ಎಂದು ಜೇನಿನವನು ಮೆಲ್ಲಗೆ ಕೇಳಿದ.

ಮೇಸ್ತ್ರಿ ಎದ್ದು ಬಂದು ಆ ಗಂಟನ್ನು ತನ್ನ ಹೆಗಲಿಗೇರಿಸಿ ಗುಡ್ಡದ ದಾರಿ ಹಿಡಿದ. ಜೇನಿನವನು ಹಿಂದೆ ನಡೆದ. ತಿರುವಿನ ಹತ್ತಿರ ಕೇಳಿಯೇಬಿಟ್ಟ.

"ಕೂಸು ನಿದ್ದೆ ಮಾಡೋಕೆ ಬಿಡತ್ತಾ?"

"ಎಲ್ಲಿ!" ಎಂದ ಮೇಸ್ತ್ರಿ.

"ಹಾಗೇ ಆಗ್ಬೇಕು ನಿಂಗೆ," ಎಂದು ಜೇನಿನವನು ನಕ್ಕ.