ಬಂಡೆಗೊಂದು ನಾಲ್ಕನೇ ಕಾಲು

"ಏಯ್... ಇಡಬೇಡಿ! ಕೈ ತೆಗೀರಿ ಮೊದ್ಲು!"

ಹೊಸಿಲು ದಾಟುತ್ತಲೇ ಕೂಗಿಬಿಟ್ಟಳು ಶಶಿರೇಖ. ಅಷ್ಟಕ್ಕೇ ನಿಲ್ಲದೆ ಓಡಿ ಬಂದು, ಗಾಜಿನ ಟ್ಯಾಂಕಿನೊಳಗೆ ಬಂಡೆ ಇಳಿಸುತ್ತಿದ್ದವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು!

ಆತ ಬೆರಗಾಗಿ ತಿರುಗಿ ನೋಡಿದ. "ಯಾರ್ರೀ ನೀವು?"

"ಬಂಗಾರಪೇಟೆ ಅಕ್ವೇರಿಯಂ ಅಂಗಡಿಯಿಂದ. ಮುನೇಶ್ ಅಂದ್ರೆ ನೀವೇ ತಾನೆ? ಬಂಡೇನ ಯಾರಾದ್ರೂ ಮರಳಿನ ಮೇಲೆ ಇಡ್ತಾರಾ?"

"ಮತ್ತೆ ತಲೆ ಮೇಲೆ ಇಟ್ಕೊಳ್ಳಾ?"

ನಗು ಬಂತು ಅವಳಿಗೆ. ಆಗಲೇ ತಾನಿನ್ನೂ ಅವನ ಕೈ ಹಿಡಿದೇ ನಿಂತಿರುವುದು ಅರಿವಾಗಿ, ಕೆಂಡ ಮುಟ್ಟಿದವಳಂತೆ ಬಿಟ್ಟಳು. ಮುಖವೆಲ್ಲ ಬಿಸಿಬಿಸಿ!

ಮುನೇಶ್ ಏಸಿ ಮೆಕ್ಯಾನಿಕ್. ದಿನಾ ಬೆಳಿಗ್ಗೆ ಚಿನ್ನದ ಗಣಿಯ ಊರು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವವನು. ಮನೆ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರು ಕೊಟ್ಟ ಟ್ಯಾಂಕು ಅದು. ಕೆರೆ ಮೀನು ಬೇಡ, ಉಪ್ಪುನೀರಿನ ಮೀನೇ ಬೇಕೆಂಬುದು ಅವನ ಹಟ. ಅವನ ಅಮ್ಮ ಆದಿಲಕ್ಷ್ಮಮ್ಮ ಸಮುದ್ರ ನೋಡಿದವರಲ್ಲ. ತೋರಿಸುತ್ತೇನೆ ಎಂದಿದ್ದ ಅಪ್ಪ ಜಯರಾಮಪ್ಪ, ಮುನೇಶ್ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು.

ಶಶಿರೇಖ ಮರಳು ಸರಿಸಿದಳು. ಮೂರು ಕಲ್ಲುಗಳನ್ನು ಕಾಲುಗಳಂತೆ ಟ್ಯಾಂಕಿನ ತಳದ ಗಾಜಿಗೇ ನಿಲ್ಲಿಸಿ, ಅಂಟು ಹಾಕಿ, ಮೇಲೊಂದು ಅಗಲವಾದ ಬಂಡೆ ಕೂರಿಸಿದಳು.

"ನೋಡಿ, ಇದರಲ್ಲಿ ಒಂದು ಸೀಗಡಿ, ಅದರ ಜೊತೆಗೊಂದು ಮೀನು ಬಿಡ್ತೀವಿ. ಸೀಗಡಿ ಮರಳು ತೋಡ್ತಾನೇ ಇರುತ್ತೆ. ಬಂಡೆ ಮರಳಿನ ಮೇಲಿದ್ರೆ ಒಂದಿನ ಅದರ ತಲೆ ಮೇಲೇ ಬೀಳುತ್ತೆ. ಹಿಂಗೆ ಎತ್ತಿ ಕಟ್ಟಿದ್ರೆ ಬೀಳಲ್ಲ. ಕೆಳಗೆ ನೀರೂ ಓಡಾಡುತ್ತೆ, ಕೊಳೆ ನಿಲ್ಲಲ್ಲ."

ಅಡುಗೆಮನೆಯಿಂದ ಬಂದ ಆದಿಲಕ್ಷ್ಮಮ್ಮ ಬಗ್ಗಿ ನೋಡಿದರು. "ಅಮ್ಮಣ್ಣಿ... ಕೆಳಗೆಲ್ಲಾ ಖಾಲಿ ಬುಟ್ಟಿದ್ದೀಯಲ್ಲ?"

"ಹಂಗೇ ಇರಬೇಕಮ್ಮಾ."

ಅವರ ಕಣ್ಣು ಆ ಖಾಲಿ ಜಾಗ ಬಿಟ್ಟು ಬರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇತ್ತು.

ಟ್ಯಾಂಕಿಗೆ ನೀರು ಬಂತು, ಜೋಡಿಯೂ ಬಂತು. ಸೀಗಡಿಗೆ ಕಣ್ಣು ಮಂದ. ಮರಳು ಹೊತ್ತು ಹೊರಗೆ ಬಂದಾಗಲೆಲ್ಲ ಮೀಸೆಯೊಂದನ್ನು ಮೀನಿನ ಮೈಮೇಲೆ ಇಟ್ಟುಕೊಂಡೇ ಇರುತ್ತಿತ್ತು. ಅಪಾಯ ಕಂಡರೆ ಮೀನು ಬಾಲ ಅದುರಿಸುವುದು, ಎರಡೂ ಬಂಡೆ ಕೆಳಗೆ ತೋಡಿಕೊಂಡ ಗುದ್ದು ಸೇರುವುದು!

"ನಮ್ಮ ಊರಿನೋವೇ ಬಿಡಿ ಇವು. ಭೂಮಿ ತೋಡೋದು ಬಿಟ್ರೆ ಬೇರೆ ಕೆಲಸ ಇಲ್ಲ" ಎಂದು ನಕ್ಕಿದ್ದ ಮುನೇಶ್.

ಆಮೇಲೆ ಆ ಟ್ಯಾಂಕಿಗೆ ಬರಬಾರದ ರೋಗವೆಲ್ಲ ಬಂತು ನೋಡಿ! ಇವತ್ತು ಪಂಪ್ ಓಡುತ್ತಿಲ್ಲ, ನಾಳೆ ಲೈಟ್ ಉರಿಯುತ್ತಿಲ್ಲ. ಪ್ರತಿ ಸಲವೂ ಅವಳಿಗೇ ಫೋನು. ಅವಳೂ ರಿಪೇರಿ ಮುಗಿದ ಮೇಲೆ ಎರಡೆರಡು ಲೋಟ ಕಾಫಿ ಕುಡಿದೇ ಏಳುತ್ತಿದ್ದಳು. ಒಂದು ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದವನು ಅಂಗಡಿಗೇ ಬಂದು, ಪಾನಿಪುರಿ ತಿನ್ನೋಣವೇ ಎಂದು ಕೇಳಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಪ್ಲೇಟ್ ಹೇಳಿದಳು ಶಶಿರೇಖ. ಅವನು ಬೇಗ ಹೋಗಿಬಿಟ್ಟರೆ?

ಆದರೆ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳು ಹೋದಾಗಲೆಲ್ಲ ಬಂಡೆಯ ಕೆಳಗಿನ ಖಾಲಿ ಜಾಗಕ್ಕೆ ಯಾರೋ ಕಲ್ಲುಚೂರು ತುಂಬಿರುತ್ತಿದ್ದರು. ಕೆಲಸ ಮುಗಿದ ದಿನ ಅವಳೇ ಬಕೆಟ್ಟಿನಲ್ಲಿ ಬಿಟ್ಟುಹೋಗಿದ್ದ ಚೂರುಗಳು!

"ಯಾರು ಹಾಕಿದ್ದು ಇದನ್ನ?"

"ನಾನೇ ರೀ... ಭದ್ರವಾಗಿರ್ಲಿ ಅಂತ." ಮುನೇಶ್ ಅವಳ ಮುಖ ನೋಡದೆ ಹೇಳಿದ್ದ.

ತೆಗೆದಳು. ಮುಂದಿನ ಸಲ ಮತ್ತೆ ತುಂಬಿತ್ತು. ಮತ್ತೆ ತೆಗೆದಳು.

ಆ ಭಾನುವಾರ ಬಂದು ನೋಡುತ್ತಾಳೆ, ನೀರು ಮಬ್ಬಾಗಿದೆ, ಕಲ್ಲುಗಳ ಸಂದಿಯಲ್ಲಿ ಕೊಳೆ ಕಟ್ಟಿದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ಸೀಗಡಿ ಮುಚ್ಚಿಹೋದ ಗುದ್ದಿನ ಬಾಯಲ್ಲಿ ಒಂಟಿಯಾಗಿ ಮೀಸೆ ಆಡಿಸುತ್ತಿದೆ...

"ಮತ್ತೆ ತುಂಬಿದ್ದೀರಾ?!"

"ಶಶಿ, ಅದು..."

"ಎಷ್ಟು ಸಲ ಹೇಳ್ಲಿ ಮುನೇಶ್? ನನ್ನ ಕೆಲಸದ ಮೇಲೆ ನಂಬಿಕೆ ಇಲ್ದೇ ಇದ್ರೆ ಎದುರಿಗೇ ಹೇಳಿ. ಬೆನ್ನ ಹಿಂದೆ ಯಾಕೆ?"

ಅವಳ ಊರಲ್ಲಿ, ಅವಳು ಹಸು ಕಟ್ಟಿ ಒಳಗೆ ಬಂದರೆ ಅಣ್ಣ ವಿಜಯಕುಮಾರ್ ಹೋಗಿ ಅದೇ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹುಡುಗಿ ಹಾಕಿದ ಗಂಟು ನಿಲ್ಲುತ್ತದಾ ಎಂದು! ಅವಳು ಕಟ್ಟಿದ ಹಸು ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ಆದರೂ ಬಿಚ್ಚುತ್ತಿದ್ದ. ಮುನೇಶ್ ಹಾಗಲ್ಲ ಎಂದುಕೊಂಡಿದ್ದಳು. ಅವನೂ ಹಾಗೇ...

"ಹೇಳಿ, ಯಾಕೆ?"

ಬಾಗಿಲ ಮರೆಯಲ್ಲಿ ನಿಂತಿದ್ದ ಅಮ್ಮನ ಕಡೆ ಅವನ ಕಣ್ಣು ಹೋಗಿ ಬಂದದ್ದು ಅವಳಿಗೆ ಕಾಣಲಿಲ್ಲ.

ನೀರು ಬದಲಿಸಿ, ಕಲ್ಲೆಲ್ಲ ತೆಗೆದಿಟ್ಟು, "ಇನ್ಮೇಲೆ ಅಂಗಡಿಯಿಂದ ಬೇರೆಯವರು ಬರ್ತಾರೆ" ಎಂದು ಚಪ್ಪಲಿ ಮೆಟ್ಟಿದಳು. ರೈಲಿನ ಕಿಟಕಿಗೆ ಮುಖ ಕೊಟ್ಟು ಬಂಗಾರಪೇಟೆವರೆಗೂ ಅತ್ತಳು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎನ್ನುತ್ತಾರೆ. ಅವಳು ಕೊಯ್ದುಕೊಂಡದ್ದು ತನ್ನದೇ ಮೂಗು!

ಅವನ ಫೋನುಗಳಿಗೆ ಉತ್ತರ ಕೊಡಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದವರನ್ನು ಕಂಡು ಅವಳ ಕೈಲಿದ್ದ ಬಲೆ ಜಾರಿತು. ಆದಿಲಕ್ಷ್ಮಮ್ಮ! ಒಬ್ಬರೇ ಬಂದಿದ್ದರು. ಬಟ್ಟೆ ಚೀಲ ತೆರೆದು, ಕಲ್ಲುಚೂರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

"ಇವನ್ನ ತುಂಬಿದ್ದು ನಾನು ಕಣಮ್ಮಣ್ಣಿ. ನನ್ ಮಗ ಅಲ್ಲ."

"ಅಮ್ಮಾ...?"

"ನಮ್ಮೆಜಮಾನ್ರು ಗಣಿಯಾಗೆ ಕಲ್ಲು ತುಂಬೋ ಕೆಲ್ಸ ಮಾಡ್ತಿದ್ರು. ಚಿನ್ನದ ಕಲ್ಲು ತೆಗೆದ ಮ್ಯಾಲೆ ಖಾಲಿ ಬುಡಂಗಿಲ್ಲ, ಗೋಡೆ ಕಟ್ಟಿ ತುಂಬಬೇಕು. ಇನ್ನೂ ಒಸಿ ಖಾಲಿ ಐತೆ, ಇವತ್ತು ತುಂಬ್ತೀನಿ ಅಂತ ಏಳಿ ಕೆಲ್ಸಕ್ಕೆ ಓದ್ರು. ಆವತ್ತೇ ಬಂಡೆ ಸಿಡಿದು ಅವರ ಮ್ಯಾಲೆ ಬಿತ್ತು..."

ಶಶಿರೇಖ ಅವರ ಕೈ ಹಿಡಿದಳು.

"ಬಂಡೆ ಕೆಳಗೆ ಖಾಲಿ ಕಂಡ್ರೆ ನನ್ ಕೈ ನಿಲ್ಲಾಕಿಲ್ಲ. ಆಗ್ಲೂ ಅಂಗೇ ತುಂಬ್ತಿದ್ದೆ ಅಂತ ನಮ್ ಗಣಿ ಲೈನ್ ಮನೆ ಸಾಲಿನೋರೆಲ್ಲಾ ನನ್ನ ಹುಚ್ಚಿ ಅಂದಿದ್ರು. ನೀನೂ ಅಂಗೇ ಅಂತೀಯೇನೋ ಅಂತ ಅವ್ನು ಬಾಯಿ ಬುಡ್ಲಿಲ್ಲ. ನಿನ್ ಮ್ಯಾಲೆ ನಂಬ್ಕೆ ಇಲ್ದೆ ಅಲ್ಲ ತಾಯಿ. ಆ ಭಾನುವಾರದಿಂದ ಅನ್ನ ಸರಿಯಾಗಿ ತಿಂದಿಲ್ಲ ಅವ್ನು."

ಅಯ್ಯೋ ದೇವರೇ... ಏನೇನು ಅಂದುಬಿಟ್ಟೆ ನಾನು!

ಕಲ್ಲುಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಮುಂದಿನ ರೈಲಿಗೇ ಇಬ್ಬರೂ ಹೊರಟರು.

ರಜೆ ಹಾಕಿ ಕೂತಿದ್ದ ಮುನೇಶ್, ಅಮ್ಮನ ಜೊತೆ ಅವಳನ್ನು ಕಂಡು ದಡಬಡಿಸಿ ಎದ್ದ. ಶಶಿರೇಖ ಅವನನ್ನು ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು. ನೇರವಾಗಿ ಟ್ಯಾಂಕಿನ ಮುಂದೆ ಹೋಗಿ ನಿಂತಳು.

"ಅಮ್ಮಾ, ಕೈ ಹಾಕಿ. ಬಂಡೆ ಮೇಲಿಟ್ಟು ಒತ್ತಿ."

"ಬ್ಯಾಡಮ್ಮಣ್ಣಿ... ಬಿದ್ದೋದ್ರೆ?"

"ಒತ್ತಿ. ನಾನಿದ್ದೀನಲ್ಲ."

ಆದಿಲಕ್ಷ್ಮಮ್ಮನ ಕೈ ನೀರಿಗಿಳಿಯಿತು. ಮೆಲ್ಲಗೆ ಒತ್ತಿದರು. ಆಮೇಲೆ ಗಟ್ಟಿಯಾಗಿ, ಕೊನೆಗೆ ಹಲ್ಲು ಕಚ್ಚಿ ಒತ್ತಿದರು. ಬಂಡೆ ಅಲುಗಲಿಲ್ಲ.

"ನಿಂತೈತೆ..." ಎಂದರು ಆದಿಲಕ್ಷ್ಮಮ್ಮ. ಕಣ್ಣೀರು ಟ್ಯಾಂಕಿನೊಳಗೇ ಬಿತ್ತು.

"ಮೂರು ಕಾಲು ಸಾಕಮ್ಮಾ. ಆದ್ರೆ ನಾಲ್ಕನೆಯದು ನಿಮ್ಮದಿರ್ಲಿ."

ಚೀಲದಿಂದ ಉದ್ದನೆಯ ಕಲ್ಲೊಂದನ್ನು ಅವರಿಂದಲೇ ಆರಿಸಿದಳು. ಮರಳು ಸರಿಸಿ, ನೀರಲ್ಲೂ ಗಟ್ಟಿಯಾಗುವ ಅಂಟು ಹಚ್ಚಿ, ಆ ಮುದಿ ಕೈ ಹಿಡಿದು ಬಂಡೆಯ ಕೆಳಗೆ ನಿಲ್ಲಿಸಿದಳು. ಉಳಿದ ಚೂರುಗಳನ್ನು ಆದಿಲಕ್ಷ್ಮಮ್ಮ ತಾವೇ ಹಿತ್ತಲಿಗೆ ಹೊತ್ತುಕೊಂಡು ಹೋದರು.

ಈಗ ಇಬ್ಬರೇ.

"ನಾನೇ ಹೇಳ್ಬೇಕಿತ್ತು" ಎಂದ ಮುನೇಶ್. "ಅಮ್ಮನ ಮುಂದೆ ಬಾಯಿ ಬರ್ಲಿಲ್ಲ."

"ನಾನು ಕೇಳೋ ಥರ ಕೇಳ್ಬೇಕಿತ್ತು... ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ." ಅವನು ತಲೆ ಕೆರೆದುಕೊಂಡ. "ಪಂಪ್ ಯಾವತ್ತೂ ಕೆಟ್ಟಿರ್ಲಿಲ್ಲ. ವೈರ್ ಕೀಳ್ತಿದ್ದಿದ್ದು ನಾನೇ. ನಿಮ್ಮನ್ನ ನೋಡ್ದೆ ಇರೋಕೆ ಆಗ್ತಿರ್ಲಿಲ್ಲ ಶಶಿ... ಈಗ್ಲೂ ಆಗಲ್ಲ."

"ಏಸಿ ಬಿಚ್ಚಿ ಜೋಡಿಸೋ ಮೆಕ್ಯಾನಿಕ್‌ಗೆ ಪಂಪ್ ಬರಲ್ಲ ಅಂದ್ರೆ ನಂಬೋಕೆ ನಾನೇನು ಚಿಕ್ಕ ಮಗುನಾ? ಗೊತ್ತಿದ್ದೇ ಬರ್ತಿದ್ದೆ!"

ಅವನ ಮುಖ ಅರಳಿದ್ದು ಕಂಡು ತಾನೇ ನಾಚಿದಳು. ಬಂಡೆಯ ಕೆಳಗಿಂದ ಮೀನು ಇಣುಕಿತು. ಹಿಂದೆಯೇ ಸೀಗಡಿ ಬಂತು, ಮೀಸೆ ಮೀನಿನ ಮೈಮೇಲಿಟ್ಟು.

ಶಶಿರೇಖ ಕಣ್ಣೊರೆಸಿಕೊಂಡು ಸರಿದು ನಿಂತಳು. ಅಣ್ಣ ಕಲಿಸಿದ ಅಭ್ಯಾಸದಂತೆ ಎದೆಯೊಳಗೊಂದು ಅಳುಕು. "ಒಂದ್ಸಲ ನೋಡಿ... ನಾಲ್ಕನೇ ಕಾಲು ಸರಿ ಕೂತಿದೆಯಾ ಅಂತ."

ಮುನೇಶ್ ಟ್ಯಾಂಕಿನ ಕಡೆ ತಿರುಗಲೂ ಇಲ್ಲ. ಅವಳ ಒದ್ದೆ ಕೈಯನ್ನು ತನ್ನ ಕೈಗೆ ತೆಗೆದುಕೊಂಡ.

"ನೀನು ಕೂರಿಸಿದ ಮೇಲೆ ನಾನ್ಯಾಕೆ ನೋಡ್ಲಿ?"

ಈ ಸಲ ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳಿ."

"ಏನನ್ನ?"

"ಅದೇ... ನೋಡಲ್ಲ ಅಂದ್ರಲ್ಲ."

"ದಿನಾ ಹೇಳ್ತೀನಿ" ಎಂದ ಅವನು. "ನಮ್ಮನೇಲೇ ಇದ್ಬಿಡು."