ಶಿವಶಂಕರಪ್ಪ ಗೆದ್ದ ಕೇಸು

ಗಂಗಾರಾಮನಿಗೆ ಎಂಜಿನ್ ರಿಪೇರಿಯ ಪಾನಾ ಹಿಡಿಯಲು ಕಲಿಸಿದವನೇ ಶಿವಶಂಕರಪ್ಪ. ವರ್ಷಗಟ್ಟಲೆ ತನ್ನ ಮನೆಯ ರೊಟ್ಟಿ ತಿಂದವನು ತಾಂಡೂರಿನಲ್ಲಿ ರಿಪೇರಿ ಅಂಗಡಿ ಹಾಕಿ, ಈಗ ತನ್ನ ಮೇಲೆಯೇ ದೆಹಲಿಯ ಏಕಸ್ವಾಮ್ಯ ಆಯೋಗಕ್ಕೆ ದೂರು ಕೊಟ್ಟಿದ್ದ. ಜಹೀರಾಬಾದಿನ ಸುತ್ತ ಡೀಸೆಲ್ ಎಂಜಿನ್ ಮಾರುವವನು ಶಿವಶಂಕರಪ್ಪ ಒಬ್ಬನೇ. ಹೊರಗಿನ ಬಿಡಿಭಾಗ ಹಾಕಿಸಿದ ಎಂಜಿನ್ನನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ. ದೂರು ಇದ್ದದ್ದು ಅದರ ಮೇಲೆ.

“ರಾಜಿ ಆಗ್ರಿ ಸಾವಕಾರ್ರೆ,” ಎಂದರು ವಕೀಲ ಬಂಡೆಪ್ಪ. “ಯಾರ ಸಾಮಾನರೆ ಹಾಕ್ಕೋರಿ ಅಂದ್ರ ಮುಗೀತದ.”

“ನನ್ನ ಕೈಯಾಗ ಬೆಳದವನ ಮುಂದ ನಾ ಬಗ್ಗಬೇಕೇನ್ರಿ?”

ಬಗ್ಗಲಿಲ್ಲ. ಎಂಜಿನ್ನಿನ ರಾಡನ್ನು ಬಿಗಿಹಿಡಿಯುವ ಬೋಲ್ಟುಗಳನ್ನು ತೆಗೆದುಕೊಂಡು, ಅವುಗಳ ತಲೆಯ ಕೆಳಗೆ ಗರಗಸದಿಂದ ತೆಳ್ಳಗೆ ಕೊಯ್ದ. ಗ್ರೀಸು ಸವರಿದ ಮೇಲೆ ಗೆರೆ ಕಾಣಲಿಲ್ಲ. ಊರೂರು ತಿರುಗುವ ವ್ಯಾಪಾರಿಯೊಬ್ಬನ ಮೂಲಕ ಅವು ಅಗ್ಗಕ್ಕೆ ಗಂಗಾರಾಮನ ಅಂಗಡಿ ಸೇರಿದವು. ಅವನ ಲೆಕ್ಕದಲ್ಲಿ, ಎಂಜಿನ್ ಕೆಲವು ದಿನ ಓಡಿದ ಮೇಲೆ ಬೋಲ್ಟು ಮುರಿಯುತ್ತದೆ, ರಾಡು ಎಂಜಿನ್ನಿನ ಹೊಟ್ಟೆ ಸೀಳಿ ಬರುತ್ತದೆ. ಯಾರಿಗೂ ಪೆಟ್ಟಾಗುವುದಿಲ್ಲ. ಬಾವಿಯ ಎಂಜಿನ್ ಚಾಲೂ ಮಾಡಿದ ರೈತ ನೀರು ತಿರುವಲು ಹೊಲದ ಆ ತುದಿಗೆ ಹೋಗಿರುತ್ತಾನೆ. ಹೆಸರು ಕೆಡುವುದು ಗಂಗಾರಾಮನದು. ಆಮೇಲೆ ಅವನ ದೂರನ್ನು ಕೇಳುವವರು ಯಾರು?

ತಿಂಗಳೊಳಗೆ ಒಂದು ಮಧ್ಯಾಹ್ನ ಗಂಗಾರಾಮ ಬಂದ. ಅಂಗಿಯ ತುಂಬ ಕಲೆ. ಎಣ್ಣೆಯಿರಬೇಕು ಎಂದುಕೊಂಡ ಶಿವಶಂಕರಪ್ಪ. ಗಂಗಾರಾಮ ಮೆಟ್ಟಿಲ ಮೇಲೆ ಕುಸಿದು ಕೂತ.

“ಕೇಸ್ ವಾಪಸ್ ತಗೋತೀನ್ರಿ. ಅಂಗಡಿ ಮುಚ್ತೀನಿ. ನಾ ಹಾಕಿದ ಬೋಲ್ಟು ಮುರದು...”

ಶಿವಶಂಕರಪ್ಪನ ಎದೆ ಹಗುರಾಯಿತು. ಹುಡುಗನ ಮೇಲೆ ಹಳೆಯ ಅಕ್ಕರೆಯೂ ಮರಳಿತು.

“ಅಳಬ್ಯಾಡೋ. ಎಂಜಿನ್ ಹೋದ್ರ ಹೋತು. ಯಾರ ಬಾವೀದು?”

“ಬಾವೀದಲ್ರಿ. ನಾರಾಯಣಖೇಡದ ಹಿಟ್ಟಿನ ಗಿರಣೀದು. ಕಾಂತಕ್ಕಂದು.” ಗಂಗಾರಾಮ ಮುಖ ಮುಚ್ಚಿಕೊಂಡ. “ಬಾಜೂಕೇ ನಿಂತಿದ್ರು. ದವಾಖಾನಿಗೆ ಒಯ್ಯೂದ್ರಾಗ ಹೋಗಿಬಿಟ್ರು. ‘ನಮ್ಮಪ್ಪನ ರೇಟು ನಮಗ ನೀಗಂಗಿಲ್ಲ, ಅವರಿಗಿ ಹೇಳಬ್ಯಾಡ’ ಅಂದಿದ್ರು ಅಕ್ಕ. ನಾನೇ ಕೊಂದೀನ್ರಿ ಅಕ್ಕಗ...”

ಕಾಂತಾಬಾಯಿ ಶಿವಶಂಕರಪ್ಪನ ಒಬ್ಬಳೇ ಮಗಳು. ಅವಳಿಗೆ ಬೆಲೆ ಇಳಿಸಿಕೊಟ್ಟರೆ ಊರೆಲ್ಲ ಅದನ್ನೇ ಕೇಳುತ್ತದೆಂದು, ಅವಳಿಂದಲೂ ಪೂರ್ತಿ ರೇಟೇ ತೆಗೆದುಕೊಳ್ಳುತ್ತಿದ್ದ. ಒಂದು ವರ್ಷದಿಂದ ಅವಳು ಅಪ್ಪನ ಅಂಗಡಿಯಿಂದ ಒಂದು ನಟ್ಟನ್ನೂ ಒಯ್ದಿರಲಿಲ್ಲ. ಯಾಕೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.