ಕೊಟ್ರಮ್ಮನ ತಳಿ

ಹಳೆಯ ಫ್ರಿಜ್ಜು ತೊಟ್ಟಿಯೊಳಗೆ ಮುಳುಗಿತು. ಕಂದು ದ್ರವ ಮೆಲ್ಲಗೆ ನೊರೆಯೆದ್ದು, ಊಟದ ಹೊತ್ತಿಗೆಲ್ಲ ತಾಮ್ರ, ಅಲ್ಯೂಮಿನಿಯಂ, ಗಾಜು, ಪ್ಲಾಸ್ಟಿಕ್ಕು ಬೇರೆ ಬೇರೆ ಜಾಲರಿಗಳ ಮೇಲೆ ಬಂದು ಕೂತವು. ಸುತ್ತಿಗೆಯ ಏಟಿಲ್ಲ, ಹೊಗೆಯಿಲ್ಲ. ಉರಿದದ್ದೇನಿದ್ದರೂ ಗೋಡೆಯ ಈಚೆ ನಿಂತು ನೋಡುತ್ತಿದ್ದ ಕೊಟ್ರಮ್ಮನ ಹೊಟ್ಟೆ.

ದಾವಣಗೆರೆಯಲ್ಲಿ ಗುಜರಿ ಎಂದರೆ ಕೊಟ್ರಮ್ಮ ಎನ್ನುವ ಕಾಲವಿತ್ತು. ಸುಟ್ಟ ಮಿಕ್ಸಿ, ಕೆಟ್ಟ ವಾಷಿಂಗ್ ಮಷೀನು ಎಲ್ಲ ಅವಳ ಅಂಗಳಕ್ಕೇ ಬರುತ್ತಿದ್ದವು. ಮನೆ ಪಾಲಾದ ಮೇಲೆ ಅವಳ ವಾರಗಿತ್ತಿ ಶಾಂಭವಿ, ಸೂಕ್ಷ್ಮಜೀವಿ ಶಾಸ್ತ್ರ ಓದಿದವಳು, ತನ್ನ ಪಾಲಿನ ಹಿತ್ತಿಲಲ್ಲಿ ಈ ತೊಟ್ಟಿ ಕಟ್ಟಿಸಿದಳು. ನೋಡನೋಡುತ್ತ ಸುತ್ತಲಿನ ಊರುಗಳಲ್ಲೆಲ್ಲ ಅವಳ ತೊಟ್ಟಿಗಳಾದವು. "ಅಷ್ಟು ಓದಿದೋಳು ಗುಜರಿಗೂ ಬಾಯಿ ಹಾಕ್ಬೇಕೇನು?" ಎಂದು ಕೊಟ್ರಮ್ಮ ಕಂಡವರ ಮುಂದೆಲ್ಲ ಹೇಳಿದಳು. ಕಂಡವರು ಹೌದೆಂದು ತಲೆಯಾಡಿಸಿ, ತಮ್ಮ ಫ್ರಿಜ್ಜನ್ನು ಗೋಡೆಯ ಆಚೆಗೇ ಸಾಗಿಸಿದರು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು. "ಅದ್ರೊಳಗೆ ಏನ್ ಹಾಕಿದೀಯೇ?"

"ಬಿಡಿಸುಜೀವಿ ಅಂತ, ಅಕ್ಕ. ಕಣ್ಣಿಗೆ ಕಾಣಲ್ಲ. ಬೆಸುಗೆ, ಅಂಟು, ತುಕ್ಕು ಇಷ್ಟನ್ನೇ ತಿನ್ನುತ್ತೆ. ಹಿಡಿದಿಟ್ಟಿದ್ದೆಲ್ಲ ಹೋದ್ಮೇಲೆ ಮಷೀನು ತಾನಾಗೇ ಬಿಚ್ಕೊಳ್ಳುತ್ತೆ."

"ಖಾಲಿ ಆದ್ರೆ?"

"ಹೆಪ್ಪು ಇದ್ದಂಗೆ. ಸ್ವಲ್ಪ ಉಳಿಸ್ಕೊಂಡ್ರೆ ಮತ್ತೆ ಬೆಳೆಯುತ್ತೆ."

ಹೆಪ್ಪು ಎಂದ ಮೇಲೆ ಕೊಟ್ರಮ್ಮನಿಗೆ ಬೇರೆ ವಿಜ್ಞಾನ ಬೇಕಿರಲಿಲ್ಲ. ಕೇಳಿದ್ದರೆ ಶಾಂಭವಿ ಕೊಡುತ್ತಿದ್ದಳೋ ಏನೋ. ಆದರೆ ಅವಳ ಮುಂದೆ ಕೈಚಾಚುವುದಕ್ಕಿಂತ ಕದಿಯುವುದೇ ಮೇಲು ಅನ್ನಿಸಿತು. ಆಕೆ ಮದುವೆಯೊಂದಕ್ಕೆ ಹೋದಾಗ ಒಂದು ಚೊಂಬು ಮೊಗೆದು ತಂದು, ತನ್ನ ಶೆಡ್ಡಿನ ಡ್ರಮ್ಮಿಗೆ ಸುರಿದಳು. ಆಚೆ ಶುದ್ಧ ನೀರು, ಹದವಾದ ಶಾಖ. ಈಚೆ ಬೋರಿನ ಗಡಸು ನೀರು, ಮಸಿ, ಗ್ರೀಸು. ಒಂದು ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಳ್ಳಲು ವಾರ ಹಿಡಿಯಿತು. ಬೈಯುತ್ತಲೇ ಅದನ್ನು ಸಾಕಿದಳು.

ಆ ಬೇಸಗೆಯಲ್ಲಿ ಬಿಡಿಸುಜೀವಿಗಳನ್ನೇ ಕೊಲ್ಲುವ ವೈರಾಣುವೊಂದು ಹಬ್ಬಿತು. ಶಾಂಭವಿಯ ತೊಟ್ಟಿಗಳಲ್ಲೆಲ್ಲ ಇದ್ದದ್ದು ಒಂದೇ ತಳಿ, ಹಾಗಾಗಿ ಎಲ್ಲವೂ ಒಟ್ಟಿಗೆ ಸತ್ತವು. ಅವಳ ಪ್ರಯೋಗಾಲಯದಲ್ಲಿ ಕಾಪಿಟ್ಟ ಮಾದರಿಯೂ ಉಳಿಯಲಿಲ್ಲ. ಸುದ್ದಿ ಕೇಳಿ ಕೊಟ್ರಮ್ಮನಿಗೆ ಹೋಳಿಗೆ ಉಂಡಷ್ಟು ಸಂತೋಷವಾಯಿತು. ಶೆಡ್ಡಿಗೆ ಹೋಗಿ ನೋಡಿದರೆ ಅವಳ ಡ್ರಮ್ಮು ಮಾತ್ರ ಎಂದಿನಂತೆ ನೊರೆಯಾಡುತ್ತಿತ್ತು. ಕೊಳಕಿನಲ್ಲಿ ಹೆಣಗಿ ಆ ತಳಿ ಗಟ್ಟಿಯಾಗಿತ್ತು.

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಇಡೀ ವ್ಯಾಪಾರ ಅವಳದೇ. ಕೆಲವು ದಿನ ಹಾಗೆಯೇ ಇದ್ದಳು. ಆಮೇಲೊಂದು ಬೆಳಿಗ್ಗೆ ಗೋಡೆಯಾಚೆ ಠಣ್ ಠಣ್ ಸದ್ದು ಕೇಳಿ ಇಣುಕಿದಳು. ಆಳುಗಳನ್ನೆಲ್ಲ ಬಿಡಿಸಿದ್ದ ಶಾಂಭವಿ ಒಬ್ಬಳೇ ಕೂತು, ಅರೆಬಿಚ್ಚಿದ ಗ್ರೈಂಡರನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ? ಕೊಟ್ರಮ್ಮನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಚೊಂಬು ತುಂಬಿ ತಂದು ಅವಳ ಮುಂದೆ ಕುಕ್ಕಿದಳು. "ತಗೋ. ಇದಿನ್ನೂ ಬದುಕೈತೆ."

ಶಾಂಭವಿ ಚೊಂಬನ್ನೂ ಅವಳ ಮುಖವನ್ನೂ ನೋಡಿದಳು. ಸುತ್ತಿಗೆ ಬದಿಗಿಟ್ಟು, ಚೊಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ತೊಟ್ಟಿಗಳು ಮತ್ತೆ ನೊರೆಯೆದ್ದವು. ಶಾಂಭವಿ ಹೊಸ ತಳಿಗೆ ಕೊಟ್ರಮ್ಮನ ಹೆಸರಿಟ್ಟು, ವ್ಯಾಪಾರದಲ್ಲಿ ಅರ್ಧ ಪಾಲು ಕೊಟ್ಟು, ಸನ್ಮಾನದ ಸಭೆಯನ್ನೂ ಮಾಡಿಸಿದಳು. "ಈ ತಳಿ ಬೇರೆ ಕಡೆ ಇರಲಿ ಅಂತ ನಾನೇ ಅಕ್ಕನ ಕೈಗೆ ಕೊಟ್ಟಿದ್ದೆ. ಅವರು ಜೋಪಾನ ಮಾಡಿದರು," ಎಂದು ಮೈಕಿನಲ್ಲಿ ಹೇಳಿದಳು. ಅದು ನಿಜವೋ ಅಲ್ಲವೋ ಎಂದು ಮುಂದಿನ ಸಾಲಿನವರಿಗೆ ಗುಮಾನಿ. "ಏನಾದ್ರೂ ಅನ್ನಿ, ಶಾಂಭವಿದು ದೊಡ್ಡ ಮನಸ್ಸು," ಎಂದು ಪಿಸುಗುಟ್ಟಿಕೊಂಡರು.

ಹಾರ ಹಾಕಿಸಿಕೊಂಡು ಕೂತಿದ್ದ ಕೊಟ್ರಮ್ಮನಿಗೆ ಅದು ಕೇಳಿಸಿತು. ದುಡ್ಡಿನಲ್ಲಿ ಮುಂದೆ, ವಿದ್ಯೆಯಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವಳೇ ಮುಂದೆಯೇ? ಸಹಿಸಲಾಗಲಿಲ್ಲ. ಎದ್ದು ಹೋಗಿ ಮೈಕು ಕಿತ್ತುಕೊಂಡಳು.

"ಇವಳು ಕೊಟ್ಟಿಲ್ಲ. ನಾನೇ ಕದ್ದಿದ್ದು."

ಸಭೆಯಲ್ಲಿ ತಲೆಗಳು ಒಂದರ ಕಡೆಗೊಂದು ತಿರುಗಿದವು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ಎದ್ದು ನಿಂತು ತಟ್ಟಿದರು. ಇಂಥ ಸತ್ಯವಂತೆ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದರು. ಕೊಟ್ರಮ್ಮ ಓರೆಗಣ್ಣಿನಿಂದ ನೋಡಿದಳು. ಶಾಂಭವಿಯೂ ಚಪ್ಪಾಳೆ ತಟ್ಟುತ್ತಿದ್ದಳು, ಆದರೆ ಮುಖ ಪೆಚ್ಚಾಗಿತ್ತು, ತುಟಿ ಕೊಂಚ ಬಿಗಿದಿತ್ತು. ಗೋಡೆಯ ಈಚೆ ನಿಂತು ಅಷ್ಟು ದಿನ ಹೊಟ್ಟೆ ಉರಿಸಿಕೊಂಡಿದ್ದ ಕೊಟ್ರಮ್ಮನಿಗೆ ಆ ಬಿಗಿತ ಚೆನ್ನಾಗಿ ಗೊತ್ತಿದ್ದದ್ದೇ. ಶಾಂಭವಿ ಮನೆ ಸೇರಿದ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಇವಳು ತನ್ನ ಸ್ವಂತ ತಂಗಿ ಅನ್ನಿಸಿತು.